ಒಂದು ದೋಣಿಯ ಪರವಾಗಿ

ಬಾಗಲಗುಂಟೆ

ಊರಿಗೆ ಬಂದು ಇಷ್ಟು ದಿನವಾದರೂ ತಲೆಗೆ ನೀರು ಹಾಕಿಕೊಳ್ಳುವಾಗ ನಾನು ಕಣ್ಣು ಮುಚ್ಚುವುದಿಲ್ಲ. ಸೋಪು ಹೋದರೆ ಹೋಗಲಿ. ಮುಚ್ಚಿದರೆ ಸಾಕು, ಮೇಲೆ ಕವುಚಿಬಿದ್ದ ದೋಣಿಯ ಹೊಟ್ಟೆ, ಅದರ ಅಂಚಿನಿಂದ ಒಳಗೆ ಬರುವ ಹಸಿರು ಬೆಳಕು, ಅತ್ತೆಯ ಸೆರಗು ನನ್ನ ಮುಖದ ಮುಂದೆ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಹೋಗುವುದು, ಎಲ್ಲವೂ ಅದೇ ಕ್ರಮದಲ್ಲಿ ಬರುತ್ತವೆ. ಪಕ್ಕದ ಮನೆಯ ನೀರಿನ ಸಂಪ್‌ಗೆ ಟ್ಯಾಂಕರಿನವನು ನೀರು ಬಿಟ್ಟರೂ ಎದೆ ಹೊಡೆದುಕೊಳ್ಳುತ್ತದೆ. ಹೀಗಿದ್ದೂ ಯಾರಾದರೂ ನೇಪಾಳ ಹೇಗಿತ್ತು ಎಂದು ಕೇಳಿದರೆ ಬಾಯಿಂದ ಬರುವ ಮಾತು ತುಂಬಾ ಚೆನ್ನಾಗಿತ್ತು ಎಂದೇ. ಎರಡೂ ನಿಜ. ಎರಡನ್ನೂ ಒಟ್ಟಿಗೆ ಹೇಳಲು ಬಾಯಿಮಾತಿನಲ್ಲಿ ಆಗದೆ ಬರೆಯಲು ಕೂತಿದ್ದೇನೆ.

ನಾನು ಪೀಣ್ಯದ ಸಣ್ಣ ಕಾರ್ಖಾನೆಗಳ ಸಂಘವೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಬಿ.ಕಾಂ. ಓದಿದವಳು. ಕೆಲಸವೆಂದರೆ ಮುಖ್ಯವಾಗಿ ಮನವಿ ಬರೆಯುವುದು. ಕರೆಂಟು ಹೋಗುತ್ತಿದೆ, ಎರಡನೇ ಹಂತದ ರಸ್ತೆಯಲ್ಲಿ ಲಾರಿ ಹೂತುಹೋಗುತ್ತಿದೆ, ದಯಮಾಡಿ ಗಮನಿಸಬೇಕು ಎಂದು ಮಂತ್ರಿಗಳಿಗೆ ಬರೆಯುವುದು. ಬರೆದದ್ದನ್ನು ಹಿಡಿದು ಕಾರ್ಖಾನೆ ಮಾಲೀಕರ ಹಿಂದೆ ವಿಧಾನಸೌಧದ ಕಾರಿಡಾರಿನಲ್ಲಿ ನಿಲ್ಲುವುದು. ಆ ವಿದ್ಯೆಗೆ ಅದರದೇ ಕ್ರಮವಿದೆ. ಮೊದಲು ಹೊಗಳಬೇಕು. ಒಂದು ಬೇಕಾದರೆ ಮೂರು ಕೇಳಬೇಕು. ಗಂಧದ ಹಾರ, ಮೈಸೂರು ಪೇಟ ಮರೆಯಬಾರದು. ಕೊನೆಗೆ ಮಂತ್ರಿಗಳು ಮೂಲೆಯಲ್ಲಿ "ಪರಿಶೀಲಿಸಿ" ಎಂದು ಬರೆದು ಸಹಿ ಹಾಕುತ್ತಾರೆ. ಆ ಒಂದು ಪದದ ಕೆಳಗೆ ಪೀಣ್ಯದ ಎಷ್ಟು ರಸ್ತೆಗಳು ಮಲಗಿವೆಯೋ ನನಗೆ ಗೊತ್ತು.

ಯಾತ್ರೆಗೆ ಹೊರಟದ್ದು ನಾನಲ್ಲ, ನನ್ನ ಅತ್ತೆ ಗೌರಮ್ಮ. ರಾಣೆಬೆನ್ನೂರು ಕಡೆಯಿಂದ ಬಂದು ಬಾಗಲಗುಂಟೆಯ ಸುತ್ತಮುತ್ತ ನೆಲೆಸಿದ ಕೆಲವು ಮನೆಗಳವರು ಸೇರಿ ಪಶುಪತಿನಾಥನ ದರ್ಶನಕ್ಕೆ ಹೊರಟಿದ್ದರು. ಯಜಮಾನಿಕೆ ಶಿವಲಿಂಗಪ್ಪ ಕಾಕಾನದು. ಪೀಣ್ಯದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿರುವ, ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಶಟರ್ ಎತ್ತದ ಮನುಷ್ಯ. ಹಿಂದಿ ಬಲ್ಲವರು ಯಾರಾದರೂ ಜೊತೆಗಿರಬೇಕು ಎಂದು ಅವರು ಹೇಳಿದ್ದಕ್ಕೆ ಅತ್ತೆ ನನ್ನನ್ನು ತೋರಿಸಿದರು. ನನ್ನ ಗಂಡ ರಜಾ ಇಲ್ಲವೆಂದು ತಪ್ಪಿಸಿಕೊಂಡರು.

ಗಡಿ

ಗೋರಖಪುರದವರೆಗೆ ರೈಲು, ಆಮೇಲೆ ಬಸ್ಸು. ಹೊರದೇಶವೆಂದರೆ ಸಮುದ್ರ ದಾಟಬೇಕು ಎಂದುಕೊಂಡಿದ್ದ ನಮಗೆ ಸುನೌಲಿಯ ಗಡಿ ನಿರಾಸೆ ಮಾಡಿತು. ಒಂದು ಕಮಾನು, ಅದರ ಕೆಳಗೆ ಎತ್ತಿನಗಾಡಿ, ಸೈಕಲ್ ರಿಕ್ಷಾ, ಕಬ್ಬಿನ ಹಾಲಿನ ಅಂಗಡಿ. ಕಮಾನಿನ ಆಚೆಯೂ ಅದೇ ಧೂಳು. ಅತ್ತೆ ಎರಡು ಸಲ ಆಚೆ ಹೋಗಿ ಈಚೆ ಬಂದು, "ಇಷ್ಟೇನ? ನಮ್ಮ ಜಾಲಹಳ್ಳಿ ಕ್ರಾಸ್ ದಾಟೋದು ಇದಕ್ಕಿಂತ ಕಷ್ಟ ಐತಿ" ಎಂದರು.

ಬದಲಾದದ್ದು ಗಡಿಯಾರ ಮತ್ತು ಕ್ಯಾಲೆಂಡರು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಆ ಕಾಲು ಗಂಟೆ ಇಟ್ಟುಕೊಂಡು ಏನು ಮಾಡುತ್ತಾರೋ ಯಾರಿಗೂ ತಿಳಿಯಲಿಲ್ಲ. ಬಸ್ಸು ಮಾತ್ರ ನಮ್ಮ ಬಸ್ಸಿನಷ್ಟೇ ತಡವಾಗಿ ಬಂತು. ಚಹಾದಂಗಡಿಯ ಗೋಡೆಯ ಕ್ಯಾಲೆಂಡರು ನಮಗಿಂತ ಐವತ್ತು ಚಿಲ್ಲರೆ ವರ್ಷ ಮುಂದೆ ಹೋಗಿತ್ತು. ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರೆಲ್ಲ ನಿಂತುಹೋಗುತ್ತವಂತೆ ಎಂದು ನಮ್ಮ ಕಡೆ ಜನ ಹೆದರುತ್ತಿದ್ದರು. ಇವರು ಆ ಇಸವಿಯನ್ನು ಎಂದೋ ದಾಟಿ, ಏನೂ ಆಗದೆ, ಚಹಾ ಕುದಿಸುತ್ತಿದ್ದರು.

ನಮ್ಮ ಗುಂಪಿನ ಒಂದು ಪದ್ಧತಿಯನ್ನು ಇಲ್ಲೇ ಹೇಳಬೇಕು. ಎಲ್ಲಿಗೆ ಹೋದರೂ ಹನ್ನೊಂದು ಜನವೂ ಒಟ್ಟಿಗೆ. ಹಿಂದೊಂದು ಯಾತ್ರೆಯಲ್ಲಿ ಕಾಶಿ ಸ್ಟೇಷನ್ನಿನಲ್ಲಿ ಯಾರೋ ಒಬ್ಬರು ತಪ್ಪಿಸಿಕೊಂಡು, ಸಿಗುವ ತನಕ ಕಾಕಾ ಊಟ ಮಾಡಿರಲಿಲ್ಲವಂತೆ. ಅಂದಿನಿಂದ ಎರಡು ಜೀಪು, ಎರಡು ಸಾಲು, ಎರಡು ಪಂಕ್ತಿ ಎಂಬುದೇ ಇಲ್ಲ. ಒಬ್ಬರಿಗೆ ಚಹಾ ಬೇಕೆಂದರೆ ಹನ್ನೊಂದು ಜನ ಇಳಿಯಬೇಕು. ಇದರಿಂದ ದಾರಿಯುದ್ದಕ್ಕೂ ನಗು ಬಂದಿದೆ, ಸಿಟ್ಟೂ ಬಂದಿದೆ. ಆದರೆ ಎರಡು ಸಾವಿರ ಕಿಲೋಮೀಟರು ದೂರದಲ್ಲಿ, ಬಸ್ಸಿನ ಬಾಗಿಲಲ್ಲಿ ನಿಂತು ತಲೆ ಎಣಿಸುವ ಆ ಮುದುಕನ ದನಿ ಕೇಳಿದರೆ ಸಮಾಧಾನವಾಗುತ್ತಿತ್ತು ಎಂಬುದೂ ನಿಜ.

ಸರೋವರದ ದಂಡೆ

ಪೋಖರಾ ತಲುಪಿದ ಬೆಳಿಗ್ಗೆ ಹಿಮದ ಬೆಟ್ಟ ಕಾಣಲಿಲ್ಲ. ಮೋಡ. ನಾವು ಉಳಿದ ಲಾಡ್ಜಿನ ಮಾಲೀಕರು ಗುರುಂಗ್ ಸಾಹೇಬರು, ಪರದೇಶದ ಸೈನ್ಯದಿಂದ ನಿವೃತ್ತರಾಗಿ ಬಂದವರು, ಬೆಟ್ಟ ಕಾಣದಿದ್ದಕ್ಕೆ ತಾವೇ ಹೊಣೆ ಎಂಬಂತೆ ಕ್ಷಮೆ ಕೇಳಿದರು. ಚಹಾ ಮುಗಿಯುವ ಹೊತ್ತಿಗೆ ಮೋಡ ಸರಿಯಿತು. ಬೆಟ್ಟವನ್ನು ನಾವು ಮೋಡಕ್ಕಿಂತ ಕೆಳಗೆ ಹುಡುಕುತ್ತಿದ್ದೆವು. ಅದು ಮೋಡದ ಮೇಲೆ, ಆಕಾಶದಲ್ಲಿ, ಯಾರೋ ಮರೆತು ಬಿಟ್ಟುಹೋದ ಹಾಗಿತ್ತು. ಅತ್ತೆ ಚಪ್ಪಲಿ ಬಿಟ್ಟು ನಿಂತರು. ಗುರುಂಗರಿಗೆ ಅದು ಬಹಳ ಇಷ್ಟವಾಯಿತು. ಪರದೇಶಿಗಳು ಬೆಟ್ಟ ಕಂಡರೆ ಕ್ಯಾಮೆರಾ ತೆಗೆಯುತ್ತಾರೆ, ನಿಮ್ಮವರು ಚಪ್ಪಲಿ ತೆಗೆಯುತ್ತಾರೆ ಎಂದು ಹಿಂದಿಯಲ್ಲಿ ಹೇಳಿದರು.

ಆ ಊರಿನ ಬದುಕೆಲ್ಲ ಸರೋವರದ ಸುತ್ತ. ದಂಡೆಯಲ್ಲಿ ಮರದ ದೋಣಿಗಳು, ಒಂದೊಂದಕ್ಕೆ ಒಂದೊಂದು ಬಣ್ಣ. ನಡುವೆ ಸಣ್ಣ ದ್ವೀಪ, ಅದರಲ್ಲಿ ದೇವಿಯ ಗುಡಿ. ಅಂದು ಶನಿವಾರ, ಅಲ್ಲಿನ ವಾರದ ರಜೆ. ದೋಣಿಗಳಲ್ಲಿ ಜನರ ಜೊತೆ ಹೋತ, ಕೋಳಿಗಳೂ ಕೂತು ದೇವಿಯ ಕಡೆಗೆ ಹೋಗುತ್ತಿದ್ದವು. ಒಂದು ಹೋತ ನಮ್ಮನ್ನೇ ನೋಡುತ್ತ ಹೋಯಿತು. ಕಾಕಾ ಮುಖ ತಿರುಗಿಸಿ, ಬಲಿ ಎಲ್ಲ ಮುಗಿದ ಮೇಲೆ ಸಂಜೆಗೆ ಹೋಗೋಣ ಎಂದು ತೀರ್ಮಾನಿಸಿದರು. ಹೀಗೆ ನಾವು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ನೀರಿನ ಮೇಲಿದ್ದೆವು.

ದೋಣಿಯವನ ಹೆಸರು ಹರ್ಕ ಬಹಾದುರ್. ಐವತ್ತರ ಆಸುಪಾಸು, ನೀಲಿ ಬಣ್ಣದ ದೋಣಿ. ನಮ್ಮನ್ನು ನೋಡಿ ಎರಡು ಬೆರಳೆತ್ತಿದ. ಎರಡು ದೋಣಿ ಎಂದು. ಕಾಕಾ ಒಂದು ಬೆರಳೆತ್ತಿದರು. ಇವನು ಎರಡು, ಅವರು ಒಂದು. ನಾನು ನಡುವೆ ನಿಂತು ಅನುವಾದ ಮಾಡಿದೆ. ಅವನು ತಲೆ ಕೆರೆದುಕೊಂಡು, ಆಕಾಶ ನೋಡಿ, ಗಾಳಿ ಇಲ್ಲ ಎಂಬುದನ್ನು ಖಚಿತ ಮಾಡಿಕೊಂಡು ಒಪ್ಪಿದ. ಒಪ್ಪಬಾರದಿತ್ತು. ಆದರೆ ಕಾಕಾನ ಎದುರು ಒಪ್ಪದೆ ಉಳಿದವರನ್ನು ನಾನು ಪೀಣ್ಯದಲ್ಲೂ ಕಂಡಿಲ್ಲ.

ನೀರು ತಣ್ಣಗೆ ಮಲಗಿತ್ತು. ಬೆಟ್ಟ ಗುಲಾಬಿ ಬಣ್ಣಕ್ಕೆ ತಿರುಗಿ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ದ್ವೀಪ ಹತ್ತಿರವಾಯಿತು. ಗುಡಿಯ ಬಾಗಿಲಲ್ಲಿ ಪೂಜಾರಿ ದೀಪ ಎತ್ತಿದ, ಗಂಟೆ ಮೊಳಗಿತು. ನಮ್ಮ ಕಡೆ ಮಂಗಳಾರತಿ ಎತ್ತಿದರೆ ಯಾರೂ ಕೂತಿರುವುದಿಲ್ಲ. ಮಂಡಿ ನೋವಿನವರೂ ಗೋಡೆ ಹಿಡಿದು ಏಳುತ್ತಾರೆ. ಅದನ್ನು ಯಾರೂ ಹೇಳಿಕೊಡುವುದಿಲ್ಲ, ಯೋಚಿಸುವುದೂ ಇಲ್ಲ. ಕಾಕಾ "ಶಿವಾ" ಎಂದು ಎದ್ದರು, ಕಣ್ಣು ಮುಚ್ಚಿ ಕೈ ಜೋಡಿಸಿದರು. ಅವರ ಹಿಂದೆ ಎಲ್ಲರೂ ಎದ್ದರು. ಎಲ್ಲರೂ ಗುಡಿಯಿದ್ದ ಬಲಗಡೆಗೇ ತಿರುಗಿದರು. ನಾನೂ ಅರ್ಧ ಎದ್ದಿದ್ದೆ. ಹರ್ಕ ಕೂಗಿದ್ದು ಕೇಳಿಸಿತು. ಅಷ್ಟರಲ್ಲಿ ಬೆಟ್ಟ ಓರೆಯಾಯಿತು.

ದೋಣಿಯ ಅಡಿ

ಆಗಿದ್ದೆಲ್ಲ ಎಷ್ಟು ಹೊತ್ತು ಎಂದು ಜನ ಕೇಳುತ್ತಾರೆ. ನನಗೆ ಗೊತ್ತಿಲ್ಲ. ನೀರು ಇಷ್ಟು ತಣ್ಣಗಿರುತ್ತದೆಂದು ಗೊತ್ತಿರಲಿಲ್ಲ, ಮೂಗಿನೊಳಗೆ ಹೋದಾಗ ಉರಿಯುತ್ತದೆಂದೂ ಗೊತ್ತಿರಲಿಲ್ಲ. ನಾನು ಮೇಲೆ ಬಂದೆ ಎಂದುಕೊಂಡು ತಲೆ ಎತ್ತಿದರೆ ಮರ ಬಡಿಯಿತು. ದೋಣಿಯ ಒಳಗಡೆ, ಅಂದರೆ ಅಡಿಯಲ್ಲಿದ್ದೆ. ಅಲ್ಲಿ ಒಂದು ಗೇಣಿನಷ್ಟು ಗಾಳಿಯಿತ್ತು. ಹೊರಗಿನ ಕೂಗಾಟ ತಗಡಿನ ಡಬ್ಬದೊಳಗಿಂದ ಕೇಳಿದಂತೆ ಕೇಳುತ್ತಿತ್ತು. ಎದುರಿಗೆ ಅತ್ತೆಯ ಸೆರಗು. ಹಿಡಿದೆ. ಎಳೆದೆ. ಸೀರೆ ಬಂತು, ಅತ್ತೆ ಬರಲಿಲ್ಲ.

ಇಲ್ಲಿಗೆ ಬಂದರೆ ನನ್ನ ನೆನಪು ಪ್ರತಿ ಸಲ ನಿಂತು, ಮತ್ತೆ ಮೊದಲಿಂದ ಶುರುವಾಗುತ್ತದೆ. ಕೈಯಲ್ಲಿ ಬರೀ ಸೀರೆ.

ಯಾರೋ ನನ್ನ ಕಾಲು ಹಿಡಿದು ಕೆಳಗೆ ಜಗ್ಗಿದರು. ಮೇಲೆ ಬಂದಾಗ ಆಕಾಶವಿತ್ತು, ಬೇರೆ ದೋಣಿಗಳು ಬಂದಿದ್ದವು. ನನ್ನನ್ನು ದೋಣಿಯ ಅಂಚಿಗೆ ತಗುಲಿಹಾಕಿ ಹರ್ಕ ಮತ್ತೆ ಮುಳುಗಿದ. ಎದ್ದಾಗ ಅವನ ಮುಷ್ಟಿಯಲ್ಲಿ ಬಿಳಿ ಕೂದಲಿತ್ತು, ಕೂದಲ ತುದಿಯಲ್ಲಿ ಅತ್ತೆ ಇದ್ದರು.

ಯಾರೂ ಸಾಯಲಿಲ್ಲ. ಇದನ್ನು ಮೊದಲೇ ಹೇಳಬೇಕಿತ್ತೇನೋ. ದಂಡೆಯಲ್ಲಿ ಕಾಕಾ ಒದ್ದೆ ಪಂಚೆಯಲ್ಲಿ, ನಡುಗುತ್ತ, ತಲೆ ಎಣಿಸಿದರು. ಹನ್ನೊಂದು ಬಂತು. ನಂಬದೆ ಮತ್ತೆ ಎಣಿಸಿದರು. ಆಮೇಲೆ ಕೂತುಬಿಟ್ಟರು. ಅಷ್ಟು ಹೊತ್ತಿಗೆ ಪೊಲೀಸರು ಬಂದು ಹರ್ಕನನ್ನು ಒದ್ದೆ ಬಟ್ಟೆಯಲ್ಲೇ ಕರೆದುಕೊಂಡು ಹೋಗುತ್ತಿದ್ದರು.

ಲಾಡ್ಜಿನ ಅಂಗಳ

ಮರುದಿನ ಬೆಳಿಗ್ಗೆ ಗುರುಂಗರ ಅಂಗಳದಲ್ಲಿ ಕಿತ್ತಳೆ ಗಿಡದ ಕೆಳಗೆ ಹರ್ಕನ ಹೆಂಡತಿ ಕೂತಿದ್ದಳು. ಮುಂದೆ ಬುಟ್ಟಿ. ಅದರಲ್ಲಿ ನೀರಿನಲ್ಲಿ ತೇಲಿ ಸಿಕ್ಕಿದ ನಮ್ಮ ಚಪ್ಪಲಿಗಳು, ಸ್ಟೀಲ್ ಡಬ್ಬ, ಅತ್ತೆಯ ವಿಭೂತಿಯ ಚೀಲ. ಎಲ್ಲವನ್ನೂ ತೊಳೆದು ಒಣಗಿಸಿ ತಂದಿದ್ದಳು. ಒಬ್ಬೊಬ್ಬರ ಕಾಲಿನ ಮುಂದೆ ಚಪ್ಪಲಿ ಇಟ್ಟು ಸರಿಯಾದ ಜೋಡಿಯೇ ಎಂದು ನೋಡಿದಳು. ಏನೂ ಕೇಳಲಿಲ್ಲ. ನಾನೇ ಗುರುಂಗರನ್ನು ಕೇಳಿದೆ, ಅವನನ್ನು ಯಾವಾಗ ಬಿಡುತ್ತಾರೆ ಎಂದು.

ವಿಷಯ ಅವನೊಬ್ಬನದಾಗಿ ಉಳಿದಿರಲಿಲ್ಲ. ಭಾರತದ ಯಾತ್ರಿಕರ ದೋಣಿ ಮಗುಚಿದ್ದು ಪೇಪರಿಗೆ ಹೋಗಿತ್ತು. ಬೇರೆ ಕೆಲಸಕ್ಕೆ ಆ ಕಡೆ ಬರುತ್ತಿದ್ದ ಮಂತ್ರಿಗಳು ಪೋಖರಾದಲ್ಲಿ ಇಳಿದು ವಿಚಾರಿಸುವವರಿದ್ದರು. ದೇಶದ ಎಲ್ಲ ಸರೋವರಗಳಲ್ಲೂ ದೋಣಿ ನಿಲ್ಲಿಸಿಬಿಡುತ್ತಾರೆ ಎಂಬ ಮಾತು ಹಬ್ಬಿತ್ತು. ದಸರಾ ಕಳೆದು ಪರದೇಶಿಗಳು ಬರುವ ಕಾಲ. ಈಗ ನಿಂತರೆ ವರ್ಷವೇ ಹೋದಂತೆ. ಹೋಟೆಲಿನವರು, ಬೆಟ್ಟ ಹತ್ತಿಸುವ ಏಜೆಂಟರು, ದೋಣಿಯವರು, ಕಠ್ಮಂಡುವಿನಿಂದ ಓಡಿಬಂದ ದೇಶಮಟ್ಟದ ಪ್ರವಾಸೋದ್ಯಮ ಸಂಘದವರು, ಎಲ್ಲರೂ ಆ ಅಂಗಳದಲ್ಲೇ ಸೇರಿದರು. ಮುಂದಾಳು ಗುರುಂಗರು.

ನನಗೋ ಊರಿಗೇ ಬಂದಂತಾಯಿತು. ಅದೇ ಗದ್ದಲ, ಅದೇ ಮುನಿಸು. ಮಂತ್ರಿಗಳ ಆಪ್ತ ಕಾರ್ಯದರ್ಶಿಯ ಜೊತೆ ಮೊದಲು ಯಾರು ಮಾತಾಡುವುದು, ಯಾರು ಮಾತಾಡಲೇಬಾರದು. ಹಾರದ ಬದಲು ಬಿಳಿ ರೇಷ್ಮೆಯ ಶಲ್ಯ. ಮನವಿಗೆ ಮುಂಚೆ ಚಹಾ, ನಡುವೆ ಚಹಾ, ಕೊನೆಗೆ ಚಹಾ. ನಮ್ಮಲ್ಲಿ ಏಳು ಜನ ಹೋದರೆ ಏಳೂ ಜನ ಒಟ್ಟಿಗೆ ಮಾತಾಡುತ್ತಾರೆ. ಅಲ್ಲಿ ಒಬ್ಬ ಮಾತಾಡಿದರೆ ಮಿಕ್ಕವರು ಪ್ರತಿ ವಾಕ್ಯದ ಕೊನೆಗೆ "ಹಜೂರ್" ಎನ್ನುತ್ತಾರೆ, ಹಾಡಿಗೆ ತಾಳ ಹಾಕಿದ ಹಾಗೆ. ನಾನು ಮನವಿ ಬರೆಯುವವಳು ಎಂದು ಅತ್ತೆ ಯಾರಿಗೋ ಕೈಸನ್ನೆಯಲ್ಲೇ ಹೇಳಿಬಿಟ್ಟಿದ್ದರು. ಗುರುಂಗರು ನನ್ನನ್ನು ಪಕ್ಕಕ್ಕೆ ಕರೆದರು.

ಅವರು ಕೇಳಿದ್ದು ಇಷ್ಟೆ. ಮಂತ್ರಿಗಳು ಯಾತ್ರಿಕರನ್ನು ಕಂಡೇ ಕಾಣುತ್ತಾರೆ. ಆಗ ನೀವು, ದೋಣಿ ಸುರಕ್ಷಿತ, ಊರು ಒಳ್ಳೆಯದು, ಈ ಒಬ್ಬ ದೋಣಿಯವನ ಅಜಾಗರೂಕತೆಯಿಂದ ಹೀಗಾಯಿತು ಎಂದು ಹೇಳಬೇಕು. ಅವನೊಬ್ಬನ ಪರವಾನಗಿ ಹೋಗುತ್ತದೆ. ಮಿಕ್ಕವರು ಉಳಿಯುತ್ತಾರೆ.

ಪೀಣ್ಯದಲ್ಲಿ ಪ್ರೆಸ್ ಮಿಷನ್ನಿಗೆ ಯಾರದಾದರೂ ಬೆರಳು ಸಿಕ್ಕಿದಾಗಲೆಲ್ಲ ಕಾಗದದಲ್ಲಿ ಬರುವ ವಾಕ್ಯ ಅದೇ: ಆಪರೇಟರನ ಅಜಾಗರೂಕತೆ. ಅದನ್ನು ನೇಪಾಳದಲ್ಲಿ ಕೇಳುತ್ತೇನೆಂದು ಎಣಿಸಿರಲಿಲ್ಲ. ಅವನು ಎರಡು ದೋಣಿ ಎಂದಿದ್ದ, ನಾವು ಒಪ್ಪಲಿಲ್ಲ. ನಾವು ಎದ್ದು ನಿಂತೆವು ಎಂದೆ. ಗುರುಂಗರು ಕೆಟ್ಟ ಮನುಷ್ಯರಲ್ಲ. ಹರ್ಕನ ಮನೆಗೆ ಅಕ್ಕಿ ಕಳಿಸಿದ್ದು ಅವರೇ ಎಂದು ನನಗೆ ಆಮೇಲೆ ತಿಳಿಯಿತು.

"ಬೆಹೆನ್, ಯಾತ್ರಿಕರೇ ದೋಣಿ ಮಗುಚಿದರು ಅಂತ ನಾವು ಹೇಳಿದರೆ ನಾಳೆ ಇಲ್ಲಿಗೆ ಯಾವ ಯಾತ್ರಿಕರು ಬರ್ತಾರೆ? ಅತಿಥಿಯ ಮೇಲೆ ತಪ್ಪು ಹೊರಿಸೋ ಊರು ಅಂತ ಹೆಸರು ಬರುತ್ತೆ. ಹರ್ಕ ನಮ್ಮವನು. ನಮ್ಮವನನ್ನು ನಾವು ಬೈಬಹುದು."

ಇದಕ್ಕೆ ಉತ್ತರ ಕಾಕಾನಲ್ಲಿರಬೇಕು ಎಂದು ಒಳಗೆ ಹೋದೆ. ಅವರು ಕಂಬಳಿ ಹೊದ್ದು ಗೋಡೆಗೊರಗಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿ ಎದ್ದು ಕೂತರು.

"ದೇವರಿಗೆ ಎದ್ದು ನಿಂತಿದ್ದು ತಪ್ಪು ಅಂತ ಹೊರದೇಶದಾಗ ಮಂತ್ರಿ ಮುಂದ ಹೇಳ್ತೀಯೇನವಾ?"

"ತಪ್ಪು ಅಂತ ಹೇಳಲ್ಲ ಕಾಕಾ. ಎದ್ವಿ ಅಂತ ಹೇಳ್ತೀನಿ."

"ಎರಡೂ ಒಂದ. ಕೇಳಿದವರು ನಗ್ತಾರ. ಅವಾ ದೋಣಿ ನಡಸಾವ, ಅವಂಗ ಗೊತ್ತಿರಬೇಕು. ಅಷ್ಟ ಹೇಳಿ ಬಿಡು. ನಾಳೆ ಊರಿಗೆ ಹೋಗೂಣು."

ಮೂಲೆಯಲ್ಲಿ ಕೂದಲು ಒಣಗಿಸಿಕೊಳ್ಳುತ್ತಿದ್ದ ಅತ್ತೆ ಮಾತಿಗೆ ಬಂದರು. "ಶಿವಲಿಂಗಣ್ಣ, ಲಗ್ನ ಆಗಿ ನಲವತ್ತು ವರ್ಷ ಆತು, ಈಕಿ ಮಾವ ಸುದ್ದಾ ನನ್ನ ಜುಟ್ಟು ಹಿಡದಿದ್ದಿಲ್ಲ. ಆ ಮನಶಾ ಹಿಡದ. ಹಿಡದಿದ್ದಕ್ಕ ಇಲ್ಲಿ ಕುಂತೀನಿ. ಅವನ್ನ ಜೇಲಿನಾಗ ಬಿಟ್ಟು ನಾ ಪಶುಪತಿ ಮುಂದ ಹೆಂಗ ನಿಂದ್ರಲಿ?"

ಕಾಕಾ ಕಂಬಳಿ ಎಳೆದುಕೊಂಡು ಗೋಡೆ ಕಡೆ ತಿರುಗಿದರು.

ಮಂತ್ರಿಗಳ ಮುಂದೆ

ದೊಡ್ಡ ಹೋಟೆಲೊಂದರ ಊಟದ ಕೋಣೆಯಲ್ಲಿ ಕುರ್ಚಿ ಹಾಕಿದ್ದರು. ಮಂತ್ರಿಗಳು ಚಿತ್ತಾರದ ಟೋಪಿಯ, ಸುಸ್ತಾದ ಮುಖದ ಮನುಷ್ಯ. ಕೊರಳಲ್ಲಿ ಆಗಲೇ ಬಿಳಿ ಶಲ್ಯಗಳ ರಾಶಿ, ಗಲ್ಲ ಕಾಣಿಸುತ್ತಿರಲಿಲ್ಲ. ಗುರುಂಗರು ಎದ್ದು ನಿಂತು ಸೈನಿಕನ ಹಾಗೆ ನೇರವಾಗಿ ಮಾತಾಡಿದರು. ಈ ದೇಶ ಮಾರುವುದು ಬೆಟ್ಟ ಮತ್ತು ನೀರನ್ನು. ನೀರಿಗೆ ಬೀಗ ಹಾಕಿದರೆ ಬೆಟ್ಟವನ್ನು ದೂರದಿಂದ ನೋಡಿ ಹೋಗುತ್ತಾರೆ, ಒಂದು ರಾತ್ರಿ ಇರುವವರು ಇರುವುದಿಲ್ಲ. ದೋಣಿ ನಿಲ್ಲಿಸಬೇಡಿ, ನಿಯಮ ಮಾಡಿ, ನಾವು ಪಾಲಿಸುತ್ತೇವೆ. ಮಾತು ಚೆನ್ನಾಗಿತ್ತು. ನಾನು ಪೀಣ್ಯದಲ್ಲಿ ಇಷ್ಟು ಚೆನ್ನಾಗಿ ಒಂದೂ ಬರೆದಿಲ್ಲ. ಕೊನೆಗೆ ಅವರು ಹೇಳಬೇಕಾದ ಆ ವಾಕ್ಯವನ್ನೂ ಹೇಳಿದರು, ಒಬ್ಬನ ಅಜಾಗರೂಕತೆ ಎಂದು. "ಹಜೂರ್" ಎಂದು ಕೋಣೆ ತಾಳ ಹಾಕಿತು.

ಮಂತ್ರಿಗಳು ಹಿಂದಿಯಲ್ಲಿ ನನ್ನನ್ನು ಕೇಳಿದರು, ನಿಜವಾಗಿ ಏನಾಯಿತು ಎಂದು.

ಹಿಂದಿನ ಸಂಜೆಯಿಂದ ನೀರಿನ ಹೊರಗಿದ್ದರೂ ಮೂಗಿನಲ್ಲಿ ಆ ಉರಿ ಹೋಗಿರಲಿಲ್ಲ. ನಾನು ಕ್ರಮವಾಗಿ ಹೇಳಿದೆ. ಅವನು ಎರಡು ದೋಣಿ ಎಂದ. ನಾವು ಒಂದೇ ಎಂದೆವು. ಅವನು ಒಪ್ಪಿದ. ಗುಡಿಯಲ್ಲಿ ದೀಪ ಎತ್ತಿದರು. ನಮ್ಮ ಕಡೆ ದೀಪ ಎತ್ತಿದರೆ ಏಳುತ್ತೇವೆ. ಎದ್ದೆವು. ಮಗುಚಿದ ಮೇಲೆ ದೋಣಿಯ ಅಡಿಯಿಂದ ನನ್ನನ್ನೂ ನನ್ನ ಅತ್ತೆಯನ್ನೂ ತೆಗೆದವನು ಅವನೇ.

ಕೋಣೆ ತಾಳ ಹಾಕಲಿಲ್ಲ. ಗುರುಂಗರು ಕಿಟಕಿಯ ಕಡೆ ನೋಡುತ್ತಿದ್ದರು. ಮಂತ್ರಿಗಳು ನನ್ನನ್ನು ನಂಬಿದಂತೆ ಕಾಣಲಿಲ್ಲ. ನಾನು ಕನಿಕರದಿಂದ ಹೀಗೆ ಹೇಳುತ್ತಿದ್ದೇನೆಂದುಕೊಂಡರೋ ಏನೋ, ದೋಣಿಯವನ ಹೆಂಡತಿ ನಿಮ್ಮ ಹತ್ತಿರ ಬಂದಿದ್ದಳಂತೆ, ಅಳುತ್ತಿದ್ದಳೇ ಎಂದು ವಿಚಾರಿಸಿದರು. ಆಮೇಲೆ, ಸರಿ, ಇಷ್ಟು ಜನ ಒಟ್ಟಿಗೇ ಹೇಗೆ ಏಳುತ್ತಾರೆ, ಯಾರಾದರೂ ಒಬ್ಬರು ಮೊದಲು ಎದ್ದಿರಬೇಕಲ್ಲ, ಯಾರು ಎಂದರು.

ಇದನ್ನು ನಾನು ಎಣಿಸಿರಲಿಲ್ಲ. ನಾವು ಎನ್ನುವುದು ಸುಲಭ. ನಮ್ಮೂರಿನ ಹಿರಿಯರೊಬ್ಬರ ಕಡೆಗೆ ಪರದೇಶದ ಸಭೆಯಲ್ಲಿ ಬೆರಳು ತೋರಿಸುವುದು ಬೇರೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹಿಂದಿನ ಸಾಲಿನಿಂದ ಕಾಕಾನ ದನಿ ಬಂತು.

"ಏನ್ ಕೇಳ್ತಾರವಾ ಅವರು?"

"ಯಾರು ಮೊದಲು ಎದ್ರು ಅಂತ ಕೇಳ್ತಿದಾರೆ ಕಾಕಾ."

ಕಾಕಾ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. ನೀರಿನಲ್ಲಿ ಕನ್ನಡಕ ಕಳೆದುಕೊಂಡಿದ್ದರಿಂದ ಮಂತ್ರಿಗಳು ಎಲ್ಲಿ ಕೂತಿದ್ದಾರೆಂದು ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಬೇರೆ ಯಾರ ಕಡೆಗೋ ನೋಡುತ್ತ ಹೇಳಿದರು.

"ನಾನು ಅಂತ ಹೇಳು. ಒಂದ ದೋಣಿ ಸಾಕು ಅಂದಾವನೂ ನಾನ ಅಂತ ಹೇಳು. ಅವಾ ಬ್ಯಾಡ ಅಂದಿದ್ದ."

ನಾನು ಹಿಂದಿಗೆ ತಿರುಗಿಸಿದೆ. ಮಂತ್ರಿಗಳು ಆ ಮುದುಕನ ಕಡೆ ತಿರುಗಿದರು. ತಮ್ಮ ತಾಯಿಯೂ ಹಾಗೆಯೇ, ಬಸ್ಸಿನಿಂದ ಗುಡಿ ಕಂಡರೆ ಬಸ್ಸಿನಲ್ಲೇ ಏಳುತ್ತಿದ್ದಳು, ಎಷ್ಟೋ ಸಲ ಬಿದ್ದಿದ್ದಾಳೆ ಎಂದರು. ಎಲ್ಲರೂ ಒಮ್ಮೆಲೇ ನಕ್ಕರು. ಕಾಕಾ ಹೆದರಿದ್ದ ನಗು ಅದಾಗಿರಲಿಲ್ಲ. ಏನಂದರು ಎಂದು ಕೇಳಿ ತಿಳಿದುಕೊಂಡ ಮೇಲೆ ಅವರೂ, ಎಲ್ಲರಿಗಿಂತ ತಡವಾಗಿ, ಒಬ್ಬರೇ ನಕ್ಕರು.

ನಮ್ಮ ಮಂತ್ರಿಗಳು ಬರೆಯುವ "ಪರಿಶೀಲಿಸಿ"ಗೆ ನಾನು ಕಾಯುತ್ತಿದ್ದೆ. ಇವರು ಅಲ್ಲೇ ಹೇಳಿದರು: ಒಂದು ದೋಣಿಗೆ ಇಷ್ಟೇ ಜನ ಎಂದು ಬರೆದು ಹಾಕಿ, ದೋಣಿಗಳು ನಡೆಯಲಿ, ಅವನನ್ನು ಬಿಡಿ. ಹೊರಗೆ ಬರುವಾಗ ಗುರುಂಗರು ನನ್ನ ಪಕ್ಕದಲ್ಲೇ ನಡೆದರು. ನನ್ನ ಭಾಷಣದ ಕೊನೆಯ ವಾಕ್ಯ ಕೆಡಿಸಿಬಿಟ್ಟಿರಿ ಎಂದರು. ಬೇಸರವೋ ತಮಾಷೆಯೋ ತಿಳಿಯಲಿಲ್ಲ. ಅಂದು ನಮ್ಮೆಲ್ಲರಿಗೂ ರಾತ್ರಿಯ ಊಟ ಅವರ ಮನೆಯದೇ. ಬೆಳ್ಳುಳ್ಳಿ ಹಾಕದ ಬೇಳೆ, ಅನ್ನ, ಸೊಪ್ಪು, ಪಂಕ್ತಿ ಒಂದೇ.

ದಡ

ಪೋಖರಾ ಬಿಡುವ ದಿನ ದೋಣಿಗಳು ಮತ್ತೆ ಸಾಲಾಗಿ ನಿಂತಿದ್ದವು. ಹರ್ಕನೂ ಬಂದಿದ್ದ. ಪೊಲೀಸ್ ಸ್ಟೇಷನ್ನಿನಲ್ಲಿ ಗಡ್ಡ ಬೆಳೆದು ವಯಸ್ಸಾದವನಂತೆ ಕಂಡ. ನೀಲಿ ದೋಣಿಯನ್ನು ಬಟ್ಟೆಯಿಂದ ಒರೆಸುತ್ತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ. ಎಡಕ್ಕೂ ಬಲಕ್ಕೂ ದೋಣಿಗಳು ತುಂಬಿ ಹೊರಡುತ್ತಿದ್ದವು. ಅವನದಕ್ಕೆ ಯಾರೂ ಬರುತ್ತಿರಲಿಲ್ಲ. ದಂಡೆಯ ಮೇಲಿನ ಅಂಗಡಿಯವರು ಬಂದವರಿಗೆಲ್ಲ ಅದನ್ನು ತೋರಿಸಿ ಕಥೆ ಹೇಳುತ್ತಿದ್ದರು, ಮುಳುಗಿದ್ದು ಇದೇ ಎಂದು. ಮಂತ್ರಿಗಳ ಅಪ್ಪಣೆ ಅಷ್ಟು ದೂರ ತಲುಪಿರಲಿಲ್ಲ.

ಅತ್ತೆ ನಿಂತು ನೋಡಿದರು. ಯಾರನ್ನೂ ಕೇಳದೆ ಸೀರೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ, ಹೋಗಿ ಆ ದೋಣಿಯಲ್ಲಿ ಕೂತರು. ಹರ್ಕ ಬಟ್ಟೆ ಹಿಡಿದುಕೊಂಡೇ ನಿಂತುಬಿಟ್ಟ. ಕಾಕಾ ನಮ್ಮ ಗುಂಪಿನ ಚರಿತ್ರೆಯಲ್ಲಿ ಮೊದಲ ಸಲ ಜನವನ್ನು ಎರಡು ಮಾಡಿದರು. ಅರ್ಧ ಜನ ಪಕ್ಕದ ದೋಣಿಗೆ. ತಾವು ನೀಲಿ ದೋಣಿಗೆ.

ನಾನು ಸಾಮಾನು ನೋಡಿಕೊಳ್ಳುತ್ತೇನೆ ಎಂದೆ. ಸಾಮಾನು ಲಾಡ್ಜಿನಲ್ಲಿತ್ತು.

ಅವರು ಹೋದರು. ದ್ವೀಪದ ಹಿಂದೆ ಮರೆಯಾದ ಅಷ್ಟು ಹೊತ್ತು ನಾನು ಉಸಿರು ಹಿಡಿದೇ ಇದ್ದೆ. ಮತ್ತೆ ಕಂಡರು. ದಡ ಸೇರಿ ಒಬ್ಬೊಬ್ಬರಾಗಿ ಇಳಿದರು, ಅಂಗೈಯಲ್ಲಿ ಕುಂಕುಮ, ಮುಖದಲ್ಲಿ ಏನೋ ಮುಗಿಸಿದ ಸಮಾಧಾನ. ಹರ್ಕ ನನ್ನ ಕಡೆ ಒಮ್ಮೆ ನೋಡಿದ. ಕರೆಯಲಿಲ್ಲ.

ಆಗ ಹೊಸದಾಗಿ ಮದುವೆಯಾದ ಜೋಡಿಯೊಂದು ನನ್ನ ಪಕ್ಕ ಬಂದು ನಿಂತಿತು. ಕಲ್ಕತ್ತೆಯವರು. ಮಿಕ್ಕ ದೋಣಿಗಳೆಲ್ಲ ಹೋಗಿದ್ದವು. ಈಗ ಇಳಿದವರು ನಿಮ್ಮವರೇ, ಈ ದೋಣಿ ಪರವಾಗಿಲ್ಲವೇ, ಅಂಗಡಿಯವನು ಏನೇನೋ ಹೇಳಿದ ಎಂದು ಗಂಡ ಹಿಂದಿಯಲ್ಲಿ ಕೇಳಿದ. ನಾನು ಮನವಿಯ ದನಿಯಲ್ಲಿ ಶುರುಮಾಡಿದೆ. ಇವನಷ್ಟು ಒಳ್ಳೆಯ ದೋಣಿಯವನು ಈ ಸರೋವರದಲ್ಲಿಲ್ಲ, ತಪ್ಪು ಅವನದಲ್ಲ, ಮಂತ್ರಿಗಳೇ ಹೇಳಿದ್ದಾರೆ. ಒಂದಕ್ಕೆ ಮೂರು ಸೇರಿಸಿ ಹೇಳಿದೆ.

ಹೆಂಡತಿ, ಇಪ್ಪತ್ತರ ಹುಡುಗಿ, ಕೈ ತುಂಬ ಬಳೆ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹಾಗಾದ್ರೆ ನೀವು ಯಾಕೆ ದಡದಲ್ಲಿ ನಿಂತಿದ್ದೀರಿ?"

ಇಷ್ಟು ವರ್ಷ ಎಷ್ಟೋ ಜನರ ಪರವಾಗಿ ಎಷ್ಟೋ ಬಾಗಿಲುಗಳಲ್ಲಿ ನಿಂತಿದ್ದೇನೆ. ಯಾರೂ ಇದನ್ನು ಕೇಳಿರಲಿಲ್ಲ. ಹರ್ಕನಿಗೆ ನಮ್ಮ ಮಾತು ಕೇಳಿಸಿತ್ತು. ಅವನು ತಲೆ ತಗ್ಗಿಸಿ ಮತ್ತೆ ಹಲಗೆ ಒರೆಸತೊಡಗಿದ.

ನಾನು ಇಳಿದು ಹೋದೆ. ದೋಣಿಯ ಅಂಚಿಗೆ ಕಾಲಿಟ್ಟಾಗ ಅದು ಓಲಾಡಿತು. ಹರ್ಕ ಕೈ ಕೊಟ್ಟ. ನಡುವಿನ ಹಲಗೆಯ ಮೇಲೆ ಕೂತು ಎರಡೂ ಕೈಯಲ್ಲಿ ಅಂಚನ್ನು ಹಿಡಿದೆ. ಹಿಂದೆಯೇ ಹುಡುಗಿ ಬಂದು ಎದುರಿಗೆ ಕೂತಳು, ಆಮೇಲೆ ಅವಳ ಗಂಡ. ದಡದಿಂದ ಅತ್ತೆ ಏನೋ ಕೂಗಿ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ದೋಣಿ ದಡ ಬಿಟ್ಟಿತು. ನೀರಿನ ಕಡೆ ನೋಡಬಾರದೆಂದು ಆ ಹುಡುಗಿಯ ಮುಖವನ್ನೇ ನೋಡುತ್ತಿದ್ದೆ. ಅವಳು ನನ್ನ ಕೈಗಳನ್ನು ನೋಡುತ್ತಿದ್ದಳು.

"ಹೀಗೇ ಹಿಡ್ಕೋಬೇಕಾ?" ಎಂದು ಕೇಳಿ, ಬಳೆ ಸರಿಸಿ, ತಾನೂ ಅಂಚು ಹಿಡಿದಳು.

ಹೌದು, ಹೀಗೇ ಎಂದೆ.